ಕೆಲವು ದೇಶಗಳು ಬಡವಾಗಿಯೇ ಯಾಕೆ ಉಳಿದಿವೆ? ಪದೇ ಪದೇ ಕೇಳುವ ಪ್ರಶ್ನೆಗಳು

ದೇಶ ದೇಶಗಳ ನಡುವಿನ ಬಡತನ, ಸಿರಿತನದ ಮಾತು ಬಂದಾಗಲೆಲ್ಲ ಎದುರಾಗುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಕಾಲೇಜು ಹುಡುಗರು ಕೇಳಿದ್ದು, ಓದುಗರು ಪತ್ರದಲ್ಲಿ ಬರೆದದ್ದು, ನೆಂಟರ ಮನೆಯಲ್ಲಿ ವಾದಕ್ಕೆ ತಿರುಗಿದ್ದು, ಎಲ್ಲವನ್ನೂ ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಬೇಕಾದ ಪ್ರಶ್ನೆಯನ್ನಷ್ಟೇ ಓದಿಕೊಳ್ಳಬಹುದು. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಒಂದು ದೇಶದ ನೆಲದಲ್ಲಿ ಏನಿದೆ, ಜನ ಎಷ್ಟು ದುಡಿಯುತ್ತಾರೆ ಎನ್ನುವುದಕ್ಕಿಂತ, ಅವರು ಮಾರುವ ಸರಕಿಗೆ ಬೆಲೆ ಕಟ್ಟುವವರು ಯಾರು, ಬಂದ ಲಾಭ ಎಲ್ಲಿ ಉಳಿಯುತ್ತದೆ ಎನ್ನುವುದು ಹೆಚ್ಚು ಮುಖ್ಯ.

## ಮೊದಲ ಪ್ರಶ್ನೆಗಳು

ಬಡ ದೇಶ ಅಂತ ಯಾವ ಲೆಕ್ಕದಲ್ಲಿ ಹೇಳ್ತಾರೆ?

ಎರಡು ಲೆಕ್ಕಗಳಿವೆ, ಮಾತಿನ ಭರದಲ್ಲಿ ಅವು ಬೆರೆತುಹೋಗುತ್ತವೆ. ಮೊದಲನೆಯದು ತಲಾ ಆದಾಯ. ಅದರಲ್ಲಿ ಪೂರ್ವ ಆಫ್ರಿಕಾದ ಬುರುಂಡಿ ತೀರಾ ಕೆಳಗಿದೆ, ವರ್ಷಕ್ಕೆ ಕೆಲವೇ ನೂರು ಡಾಲರ್. ಲಕ್ಸೆಂಬರ್ಗಿನದು ಒಂದು ಲಕ್ಷ ಡಾಲರಿಗೂ ಮೇಲೆ. ಎರಡನೆಯದು ಕಡುಬಡತನದ ರೇಖೆ. ವಿಶ್ವಬ್ಯಾಂಕ್ 2025ರ ಜೂನ್‌ನಲ್ಲಿ ಅದನ್ನು ಒಬ್ಬರಿಗೆ ದಿನಕ್ಕೆ 3 ಡಾಲರ್ ಎಂದು ಪರಿಷ್ಕರಿಸಿತು. ಅದಕ್ಕಿಂತ ಕೆಳಗೆ ಬದುಕುವವರು ಸುಮಾರು 80 ಕೋಟಿ ಜನ, ಅವರಲ್ಲಿ ಹೆಚ್ಚಿನವರು ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕಾದಲ್ಲಿದ್ದಾರೆ.

3 ಡಾಲರ್ ಅಂದ್ರೆ ಇನ್ನೂರೈವತ್ತು ರೂಪಾಯಿ ಮೇಲಾಯ್ತು. ನಮ್ಮಲ್ಲಿ ಅಷ್ಟರಲ್ಲಿ ಒಬ್ಬರ ಊಟ ಆರಾಮಾಗಿ ಆಗುತ್ತಲ್ಲ?

ಆ 3 ಡಾಲರ್ ಬ್ಯಾಂಕಿನಲ್ಲಿ ಬದಲಾಯಿಸುವ ಡಾಲರ್ ಅಲ್ಲ. ಅಮೆರಿಕದಲ್ಲಿ 3 ಡಾಲರಿಗೆ ಎಷ್ಟು ಸಾಮಾನು ಬರುತ್ತದೋ ಅಷ್ಟೇ ಸಾಮಾನು ನಮ್ಮಲ್ಲಿ ಎಷ್ಟಕ್ಕೆ ಸಿಗುತ್ತದೆ ಎಂದು ನೋಡಿ ಲೆಕ್ಕ ಹಾಕುತ್ತಾರೆ. 2021ರ ಬೆಲೆಯಲ್ಲಿ ಭಾರತಕ್ಕೆ ಅದು ಹತ್ತಿರ ಹತ್ತಿರ 60 ರೂಪಾಯಿ. ಅಷ್ಟರಲ್ಲಿ ಊಟ, ಬಾಡಿಗೆ, ಬಟ್ಟೆ, ಔಷಧಿ, ಬಸ್ ಚಾರ್ಜು ಎಲ್ಲವೂ ಮುಗಿಯಬೇಕು. ರೇಖೆಯನ್ನು ಒಂದೆರಡು ರೂಪಾಯಿಯಲ್ಲಿ ದಾಟಿದವರನ್ನು ಬಡವರಲ್ಲ ಎಂದು ಕೈತೊಳೆದುಕೊಳ್ಳುವುದೂ ತಪ್ಪು. ಇದು ಹಸಿವಿನ ಅಂಚು, ನೆಮ್ಮದಿಯ ಅಳತೆಯಲ್ಲ.

ಆ ದೇಶದೋರು ಮೈಬಗ್ಗಿಸಿ ದುಡಿಯಲ್ಲ ಅಂತಾರೆ. ಅದರಲ್ಲಿ ಸ್ವಲ್ಪನಾದ್ರೂ ನಿಜ ಇಲ್ವಾ?

ಇಲ್ಲ. ಮಂಗಳೂರಿನಲ್ಲಿ ನರ್ಸಿಂಗ್ ಓದಿದ ಹುಡುಗಿ ಊರಿನ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುತ್ತಾಳೆ. ಅದೇ ಹುಡುಗಿ ಐರ್ಲೆಂಡಿಗೆ ಹೋಗಿ ಅದೇ ಡ್ರಿಪ್ ಹಾಕಿ, ಅದೇ ಚಾರ್ಟ್ ಬರೆದರೆ ಸಂಬಳ ಎಷ್ಟೋ ಪಟ್ಟು. ವಿಮಾನ ಹತ್ತಿದ ಮಾತ್ರಕ್ಕೆ ಅವಳ ಶ್ರದ್ಧೆ ಹೆಚ್ಚಲಿಲ್ಲ. ಕೆಲಸ ನಡೆಯುವ ನೆಲ, ಅಲ್ಲಿನ ಯಂತ್ರ, ಕಾನೂನು, ಕೂಲಿಯ ದರ ಬದಲಾದವು. ಜಗತ್ತಿನ ಜನರ ಆದಾಯದಲ್ಲಿ ಕಾಣುವ ವ್ಯತ್ಯಾಸದಲ್ಲಿ ಅರ್ಧಕ್ಕಿಂತ ಹೆಚ್ಚಿನದಕ್ಕೆ ಅವರು ಬದುಕುವ ದೇಶವೇ ಕಾರಣ ಎಂದು ಅರ್ಥಶಾಸ್ತ್ರಜ್ಞ ಬ್ರಾಂಕೊ ಮಿಲನೊವಿಚ್ ಲೆಕ್ಕ ತೆಗೆದಿದ್ದಾರೆ. ಯಾವ ದೇಶದಲ್ಲಿ ಹುಟ್ಟಬೇಕೆಂದು ಯಾರೂ ಅರ್ಜಿ ಹಾಕಿಕೊಂಡಿರುವುದಿಲ್ಲ. ಮೂರು ಮೈಲಿ ನಡೆದು ನೀರು ಹೊತ್ತು ತಂದು, ಮತ್ತೆ ಗುದ್ದಲಿ ಹಿಡಿಯುವ ಹೆಂಗಸನ್ನು ಸೋಮಾರಿ ಎನ್ನುವುದು ನನಗೆ ಕೇಳಲಾಗದ ಮಾತು.

ಮಕ್ಕಳನ್ನ ಜಾಸ್ತಿ ಹೆತ್ತಿದ್ದೇ ಕಾರಣ ಅಲ್ವಾ?

ಹೆಚ್ಚಾಗಿ ಇದು ತಲೆಕೆಳಗಾದ ವಾದ. ಮಕ್ಕಳು ಬದುಕಿ ಉಳಿಯುತ್ತಾರೆಂಬ ಭರವಸೆ ಇಲ್ಲದಲ್ಲಿ, ಮುಪ್ಪಿಗೆ ಬೇರೆ ಆಸರೆ ಇಲ್ಲದಲ್ಲಿ ಹೆರಿಗೆಗಳು ಹೆಚ್ಚು. ಬಾಂಗ್ಲಾದೇಶದಲ್ಲಿ 1970ರ ಸುಮಾರಿಗೆ ಒಬ್ಬ ತಾಯಿಗೆ ಸರಾಸರಿ ಏಳರ ಹತ್ತಿರ ಮಕ್ಕಳಿದ್ದವು, ಈಗ ಎರಡರ ಆಸುಪಾಸು. ದೇಶ ಸಿರಿವಂತವಾಗುವ ತನಕ ಅದು ಕಾಯಲಿಲ್ಲ. ಹೆಣ್ಣುಮಕ್ಕಳು ಶಾಲೆಗೆ ಹೋದರು, ಮನೆಬಾಗಿಲಿಗೆ ಆರೋಗ್ಯ ಕಾರ್ಯಕರ್ತೆಯರು ಬಂದರು. ಇನ್ನು ನೆಲದ ಲೆಕ್ಕ ಹಿಡಿದರೆ ನೆದರ್ಲೆಂಡ್ಸ್ ಕಿಕ್ಕಿರಿದ ದೇಶ, ಕಾಂಗೋ ವಿರಳ ಜನವಸತಿಯ ದೇಶ.

ಬಿಸಿಲು ಜಾಸ್ತಿ ಇರೋ ದೇಶಗಳೇ ಯಾಕೆ ಬಡವು? ಹವೆಯ ದೋಷ ಇರಬಹುದಾ?

ಭೂಗೋಳಕ್ಕೆ ಪಾಲಿದೆ, ಅಲ್ಲಗಳೆಯುವುದಿಲ್ಲ. ಮಲೇರಿಯಾ ಈಗಲೂ ವರ್ಷಕ್ಕೆ ಸುಮಾರು ಆರು ಲಕ್ಷ ಜನರನ್ನು ಕೊಲ್ಲುತ್ತದೆ. ಆ ಸಾವುಗಳಲ್ಲಿ ಶೇ 95ರಷ್ಟು ಆಫ್ರಿಕಾದಲ್ಲಿ, ಹೆಚ್ಚಿನವರು ಐದು ವರ್ಷ ತುಂಬದ ಮಕ್ಕಳು. ನಮ್ಮ ಮಲೆನಾಡಿನ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಡಿಡಿಟಿ ಬರುವ ಮುಂಚೆ ಚಳಿಜ್ವರಕ್ಕೆ ಹೆದರಿ ಊರಿಗೆ ಊರೇ ಖಾಲಿಯಾದ ಕಥೆ ಅಲ್ಲಿ ಮನೆಮನೆಯಲ್ಲಿದೆ. ಕಡಲಿಲ್ಲದ ದೇಶಗಳ ಕಷ್ಟ ಇನ್ನೊಂದು ಬಗೆಯದು: ಚಾಡ್ ಅಥವಾ ಮಾಲಿಯ ಹತ್ತಿ ಬಂದರು ಮುಟ್ಟಬೇಕಾದರೆ ಪಕ್ಕದ ದೇಶದ ರಸ್ತೆ, ಸುಂಕದ ಕಟ್ಟೆ ದಾಟಬೇಕು, ಲಾಭದ ದೊಡ್ಡ ಪಾಲು ಲಾರಿ ಬಾಡಿಗೆಗೆ ಕರಗುತ್ತದೆ.

ಹಾಗೆಂದು ಹವೆಯೇ ಹಣೆಬರಹವಲ್ಲ. ಸಿಂಗಾಪುರ ಸಮಭಾಜಕ ವೃತ್ತಕ್ಕೆ ಅಂಟಿಕೊಂಡಂತಿದೆ. ಉತ್ತರ, ದಕ್ಷಿಣ ಕೊರಿಯಾಗಳ ಹವೆ, ಮಣ್ಣು, ಮಾತು ಒಂದೇ, ಬದುಕು ಒಂದೇ ಅಲ್ಲ.

## ಚರಿತ್ರೆಯ ಪ್ರಶ್ನೆಗಳು

ಬಿಳಿಯರು ಬಿಟ್ಟುಹೋಗಿ ಅರವತ್ತು, ಎಪ್ಪತ್ತು ವರ್ಷ ಆಯ್ತು. ಇನ್ನೂ ಎಷ್ಟು ದಿನ ಅವರನ್ನೇ ದೂರೋದು?

ಈ ಪ್ರಶ್ನೆಯ ಹಿಂದಿರುವ ಅಸಹನೆ ನನಗೆ ಅರ್ಥವಾಗುತ್ತದೆ. ಹೈಟಿಯ ಲೆಕ್ಕದ ಪುಸ್ತಕ ತೆರೆದು ನೋಡೋಣ. ಕಬ್ಬಿನ ತೋಟದ ಗುಲಾಮರು ದಂಗೆಯೆದ್ದು ಫ್ರಾನ್ಸನ್ನು ಸೋಲಿಸಿ 1804ರಲ್ಲಿ ಸ್ವತಂತ್ರರಾದರು. 1825ರಲ್ಲಿ ಫ್ರಾನ್ಸಿನ ದೊರೆ ಹತ್ತನೇ ಚಾರ್ಲ್ಸ್ ಯುದ್ಧನೌಕೆಗಳನ್ನು ಕಳಿಸಿ 15 ಕೋಟಿ ಫ್ರಾಂಕ್ ಪರಿಹಾರ ಕೇಳಿದ. ಪರಿಹಾರ ಯಾರಿಗೆ? ತೋಟ ಮತ್ತು ಗುಲಾಮರನ್ನು ಕಳೆದುಕೊಂಡ ಯಜಮಾನರಿಗೆ. ಬಿಡುಗಡೆಯಾದವರು ತಮ್ಮ ಮೈಯ ಬೆಲೆಯನ್ನು ತಾವೇ ಕಟ್ಟಬೇಕಾಯಿತು. 1838ರಲ್ಲಿ ಮೊತ್ತ 9 ಕೋಟಿಗೆ ಇಳಿಯಿತು. ಕಂತು ಕಟ್ಟಲು ಹೈಟಿ ಫ್ರಾನ್ಸಿನ ಬ್ಯಾಂಕುಗಳಿಂದಲೇ ಸಾಲ ಎತ್ತಿತು, ಆ ಸಾಲಕ್ಕೆ ಬಡ್ಡಿ, ಬಡ್ಡಿ ತೀರಿಸಲು ಮತ್ತೆ ಸಾಲ. ಇದರ ಕೊನೆಯ ಬಾಕಿ ಚುಕ್ತಾ ಆದದ್ದು 1947ರಲ್ಲಿ. ಶಾಲೆ, ರಸ್ತೆ, ನೀರಾವರಿಗೆ ಹೋಗಬೇಕಾದ ಕಾಫಿ ಮಾರಾಟದ ದುಡ್ಡು ತಲೆಮಾರುಗಟ್ಟಲೆ ಪ್ಯಾರಿಸ್ಸಿಗೆ ಹೋಯಿತು.

ಕಾಂಗೋದ್ದು ಇನ್ನೂ ಘೋರ. 1885ರಿಂದ 1908ರ ತನಕ ಅಷ್ಟು ದೊಡ್ಡ ದೇಶ ಬೆಲ್ಜಿಯಂ ದೊರೆ ಎರಡನೇ ಲಿಯೊಪೋಲ್ಡನ ಸ್ವಂತ ಆಸ್ತಿಯಾಗಿತ್ತು. ಕಾಡುರಬ್ಬರಿನ ನಿಗದಿತ ತೂಕ ತಾರದ ಹಳ್ಳಿಗಳಲ್ಲಿ ಕೈ ಕಡಿಯುತ್ತಿದ್ದರು. 1960ರ ಜೂನ್ 30ರಂದು ಸ್ವಾತಂತ್ರ್ಯ ಬಂದಾಗ ಇಡೀ ದೇಶದಲ್ಲಿ ಪದವಿ ಮುಗಿಸಿದ ಕಾಂಗೋಲಿಗರು ಮೂವತ್ತು ಮಂದಿಯೂ ಇರಲಿಲ್ಲ. ಮೊದಲ ಪ್ರಧಾನಿ ಪ್ಯಾಟ್ರಿಸ್ ಲುಮುಂಬಾ 1961ರ ಜನವರಿಯಲ್ಲಿ ಕೊಲೆಯಾದರು. ಶವವನ್ನು ಆಮ್ಲದಲ್ಲಿ ಕರಗಿಸಲಾಯಿತು. ಆ ಕೆಲಸದಲ್ಲಿದ್ದ ಬೆಲ್ಜಿಯಂ ಪೊಲೀಸ್ ಅಧಿಕಾರಿ ಇಟ್ಟುಕೊಂಡಿದ್ದ ಒಂದು ಹಲ್ಲನ್ನು ಬೆಲ್ಜಿಯಂ 2022ರಲ್ಲಿ ಮನೆಯವರಿಗೆ ಹಿಂತಿರುಗಿಸಿತು.

ಇದರ ಜೊತೆಗೆ ಮೌನವಾಗಿ ಉಳಿದುಬಂದ ಆಡಳಿತದ ರೀತಿಯೊಂದಿದೆ. ವಸಾಹತುಗಾರರು ನೆಲೆಸಲು ಬಂದಲ್ಲಿ ನ್ಯಾಯಾಲಯ, ಆಸ್ತಿಹಕ್ಕುಗಳನ್ನು ತಮಗಾಗಿಯಾದರೂ ಕಟ್ಟಿದರು. ಬರೀ ದೋಚಲು ಬಂದಲ್ಲಿ ದೋಚುವ ಆಡಳಿತವನ್ನೇ ಬಿಟ್ಟುಹೋದರು, ಅದೇ ಯಂತ್ರವನ್ನು ಮುಂದಿನ ಆಳುವವರು ಓಡಿಸಿದರು. ಈ ವಾದವನ್ನು ಅಂಕಿಅಂಶದಿಂದ ಮುಂದಿಟ್ಟ ಅಸೆಮೊಗ್ಲು, ಜಾನ್ಸನ್, ರಾಬಿನ್ಸನ್ ಅವರಿಗೆ 2024ರ ಅರ್ಥಶಾಸ್ತ್ರದ ನೊಬೆಲ್ ಬಂತು. ಅಂಕಿಗಳ ಬಗ್ಗೆ ತಕರಾರುಗಳಿವೆ, ಆದರೆ ಕಾಂಗೋವನ್ನು ನೋಡಿದರೆ ವಾದದ ತಿರುಳು ಸರಿ ಎಂದೇ ನನಗನ್ನಿಸುತ್ತದೆ.

ನೆಲದಲ್ಲಿ ವಜ್ರ, ತಾಮ್ರ, ಕೋಬಾಲ್ಟ್ ಇಟ್ಕೊಂಡೂ ಬಡವರಾಗಿರೋದು ಹೇಗೆ?

ಗಣಿ ಎಲ್ಲಿದೆ ಎಂಬುದು ಒಂದು ಪ್ರಶ್ನೆ, ಗಣಿಯ ದುಡ್ಡು ಎಲ್ಲಿ ಇಳಿಯುತ್ತದೆ ಎಂಬುದು ಬೇರೆಯೇ. ನಮ್ಮ ಕೋಲಾರವೇ ಸಾಕ್ಷಿ. ಲಂಡನ್ನಿನ ಜಾನ್ ಟೇಲರ್ ಕಂಪನಿ 1880ರಿಂದ ಅಲ್ಲಿ ಚಿನ್ನ ತೆಗೆಯಿತು. 1902ರಲ್ಲಿ ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ ಸುಮಾರು 150 ಕಿಲೋಮೀಟರ್ ತಂತಿ ಹಾಯ್ದು ಮೊದಲು ತಲುಪಿದ್ದು ಕೆಜಿಎಫ್ ಗಣಿಗಳನ್ನು. ಬೆಂಗಳೂರಿನ ಬೀದಿದೀಪ ಹತ್ತಿದ್ದು 1905ರಲ್ಲಿ. ಮೈಸೂರು ಸಂಸ್ಥಾನಕ್ಕೆ ರಾಯಧನ ಸಿಕ್ಕಿತು, ಅದರಿಂದ ಒಳ್ಳೆಯ ಕೆಲಸಗಳೂ ಆದವು. ಚಿನ್ನ ಮತ್ತು ಲಾಭಾಂಶ ಲಂಡನ್ನಿಗೆ ಹೋಯಿತು. 2001ರಲ್ಲಿ ಗಣಿ ಮುಚ್ಚಿದಾಗ ಊರಿಗೆ ಉಳಿದದ್ದು ಸೈನೈಡ್ ಬೆರೆತ ಮಣ್ಣಿನ ದಿಬ್ಬಗಳು ಮತ್ತು ಕೆಲಸಕ್ಕಾಗಿ ದಿನಾ ಬೆಳಗ್ಗೆ ಬೆಂಗಳೂರಿನ ರೈಲು ಹಿಡಿಯುವ ಜನ.

ಕಾಂಗೋದಲ್ಲಿ ಇದೇ ಕಥೆ, ಇನ್ನೂ ದೊಡ್ಡ ಅಳತೆಯಲ್ಲಿ. ಬ್ಯಾಟರಿಗಳಿಗೆ ಬೇಕಾದ ಲೋಹ ಕೋಬಾಲ್ಟ್; ಜಗತ್ತಿನ ಗಣಿಗಳಿಂದ ಬರುವ ಕೋಬಾಲ್ಟಿನಲ್ಲಿ ಮೂರನೇ ಎರಡು ಪಾಲಿಗೂ ಹೆಚ್ಚು ಅಲ್ಲಿನದು, ಶುದ್ಧೀಕರಣ ಬಹುತೇಕ ಚೀನಾದಲ್ಲಿ. ಕೊಲ್ವೇಜಿಯ ಸುತ್ತ ಹಾರೆ, ಸುತ್ತಿಗೆ ಹಿಡಿದು ಆಸರೆಯಿಲ್ಲದ ಸುರಂಗಕ್ಕೆ ಇಳಿಯುವವರು ಅದಿರನ್ನು ಗೋಣಿಚೀಲದಲ್ಲಿ ತುಂಬಿ ಹೊತ್ತು ತರುತ್ತಾರೆ. ತೂಕವನ್ನೂ ಅದಿರಿನ ಗುಣಮಟ್ಟವನ್ನೂ ಹೇಳುವವನು ಕೊಳ್ಳುವವನೇ.

ಬೋಟ್ಸ್ವಾನ ಬೇರೆ ದಾರಿ ಹಿಡಿಯಿತು. 1966ರಲ್ಲಿ ಸ್ವತಂತ್ರವಾದಾಗ ಅಲ್ಲಿದ್ದ ಟಾರು ರಸ್ತೆ ಬರೀ 12 ಕಿಲೋಮೀಟರ್ ಎನ್ನುತ್ತಾರೆ. ಮರುವರ್ಷ ಒರಾಪಾದಲ್ಲಿ ವಜ್ರ ಸಿಕ್ಕಿತು. ಅಧ್ಯಕ್ಷ ಸೆರೆಟ್ಸೆ ಖಾಮಾ ಖನಿಜದ ಹಕ್ಕು ಬುಡಕಟ್ಟುಗಳದ್ದಲ್ಲ, ದೇಶದ್ದು ಎಂದು ಕಾನೂನು ಮಾಡಿಸಿದರು. ಗಣಿ ಕಂಪನಿಯಲ್ಲಿ ಸಣ್ಣದಿದ್ದ ಸರ್ಕಾರದ ಪಾಲನ್ನು ಚೌಕಾಸಿ ಮಾಡಿ ಅರ್ಧಕ್ಕೆ ಏರಿಸಿಕೊಂಡರು. ದುಡ್ಡು ಶಾಲೆ, ಆಸ್ಪತ್ರೆ, ರಸ್ತೆಗೆ ಹೋಯಿತು. ಬೋಟ್ಸ್ವಾನ ಸ್ವರ್ಗವಾಗಲಿಲ್ಲ: ದೇಶದೊಳಗಿನ ಅಸಮಾನತೆ ಭಾರಿ, ಎಚ್‌ಐವಿ ಒಂದು ಪೀಳಿಗೆಯನ್ನೇ ಹಿಂಡಿತು, ವಜ್ರದ ಬೇಡಿಕೆ ಕುಸಿದಾಗ ಈಗ ಪರದಾಡುತ್ತಿದೆ. ಆದರೂ ಕಾಂಗೋದ ಜೊತೆ ಇಟ್ಟು ನೋಡಿದರೆ ಆಕಾಶಕ್ಕೂ ಭೂಮಿಗೂ ಇರುವ ಅಂತರ.

ದಕ್ಷಿಣ ಕೊರಿಯಾ ಮಾಡಿ ತೋರಿಸ್ತಲ್ಲ. ಘಾನಾಗೆ ಏನು ಧಾಡಿ?

1960ರಲ್ಲಿ ಎರಡೂ ದೇಶಗಳ ತಲಾ ಆದಾಯ 200 ಡಾಲರಿಗಿಂತ ಕೆಳಗಿತ್ತು. ಇಂದು ಕೊರಿಯಾದ್ದು 30 ಸಾವಿರ ದಾಟಿದೆ, ಘಾನಾದ್ದು ಎರಡು ಸಾವಿರದ ಆಸುಪಾಸಿನಲ್ಲಿದೆ.

ಕೊರಿಯಾ 1950ರ ಹೊತ್ತಿಗೆ ಜಮೀನ್ದಾರರ ಭೂಮಿಯನ್ನು ಗೇಣಿದಾರರಿಗೆ ಹಂಚಿತು. ಎಲ್ಲರಿಗೂ ಓದು ಕಲಿಸಿತು. ಆಮೇಲೆ ತನ್ನ ಕಂಪನಿಗಳಿಗೆ ಸುಂಕದ ಬೇಲಿ ಕಟ್ಟಿ, ಬೇಲಿಯ ಒಳಗಿದ್ದುಕೊಂಡೇ ಹೊರಗೆ ಮಾರಿ ತೋರಿಸಿ ಎಂದು ಬೆನ್ನುಹತ್ತಿತು. ಜಪಾನಿನ ಕಾರುಗಳ ಆಮದಿಗೆ 1999ರ ತನಕ ತಡೆ ಇತ್ತು. ಪೋಹಾಂಗ್ ಉಕ್ಕಿನ ಕಾರ್ಖಾನೆ ದಂಡ ಎಂದು ವಿಶ್ವಬ್ಯಾಂಕ್ ಸಾಲಕ್ಕೆ ಒಪ್ಪಲಿಲ್ಲ. ಜಪಾನ್ ಕೊಟ್ಟ ಪರಿಹಾರದ ಹಣ ಹಾಕಿ ಕಟ್ಟಿದರು, 1973ರಲ್ಲಿ ಅದು ಉಕ್ಕು ಕರಗಿಸಿತು. ಶೀತಲ ಸಮರದ ಗಡಿಯಲ್ಲಿದ್ದ ದೇಶವಾದ್ದರಿಂದ ಅಮೆರಿಕ ನೆರವನ್ನೂ ಕೊಟ್ಟಿತು, ಈ ಬೇಲಿಗಳನ್ನೂ ಸಹಿಸಿಕೊಂಡಿತು.

ಘಾನಾಗೆ ಆ ರಿಯಾಯಿತಿ ಸಿಗಲಿಲ್ಲ. ಅಲ್ಲಿನ ಮೊದಲ ಅಧ್ಯಕ್ಷ ಎನ್‌ಕ್ರುಮಾ ಕಾಲದ ಕಾರ್ಖಾನೆಗಳು ಸರಿಯಾಗಿ ನಡೆಯಲಿಲ್ಲ, ಸೈನಿಕ ದಂಗೆಗಳು ಒಂದರ ಮೇಲೊಂದು ಬಂದವು, ಅದು ಅವರದೇ ತಪ್ಪು. 1983ರ ನಂತರ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಸಾಲದ ಷರತ್ತುಗಳು ಬಂದವು. 2003ರಲ್ಲಿ ಅಲ್ಲಿನ ಸಂಸತ್ತು ಕೋಳಿ ಸಾಕುವವರನ್ನು ಉಳಿಸಲು ಆಮದು ಕೋಳಿಮಾಂಸದ ಸುಂಕವನ್ನು ಶೇ 20ರಿಂದ 40ಕ್ಕೆ ಏರಿಸಿತು. ಐಎಂಎಫ್ ಜೊತೆ ಮಾತುಕತೆಯಾದ ಮೇಲೆ ಕೆಲವೇ ತಿಂಗಳಲ್ಲಿ ಅದನ್ನು ಹಿಂತೆಗೆದುಕೊಂಡರು. ಕೊರಿಯಾ ಹತ್ತಿದ ಏಣಿಯನ್ನು ಘಾನಾ ಕೇಳುವ ಹೊತ್ತಿಗೆ ಎತ್ತಿಡಲಾಗಿತ್ತು.

ಕೊರಿಯಾದ ಗೆಲುವಿಗೆ ಸರ್ವಾಧಿಕಾರದ ಬೂಟುಗಾಲೂ ಇತ್ತು, ಮುಷ್ಕರ ಹೂಡಿದವರು ಜೈಲು ಕಂಡರು. ಅದನ್ನು ಮರೆತು ಹೊಗಳಲು ನನಗೆ ಮನಸ್ಸಿಲ್ಲ.

## ಇನ್ನಷ್ಟು ಆಳದ ಪ್ರಶ್ನೆಗಳು

ಕೊಕ್ಕೊ ಬೆಳೆಯೋರು ಅವರು, ಚಾಕೊಲೇಟಿನ ದುಡ್ಡು ಯುರೋಪಿಗೆ. ತಾವೇ ಫ್ಯಾಕ್ಟರಿ ಹಾಕ್ಕೋಬಾರ್ದಾ?

ಪುತ್ತೂರು, ಸುಳ್ಯದ ಕಡೆಯ ಓದುಗರೇ ಇದನ್ನು ಹೆಚ್ಚಾಗಿ ಕೇಳುತ್ತಾರೆ, ಕೇಳುವ ಹಕ್ಕೂ ಅವರಿಗಿದೆ. 1980ರ ಆಸುಪಾಸಿನಲ್ಲಿ ಕೊಕ್ಕೊ ಬೆಲೆ ನೆಲಕಚ್ಚಿ, ಕೊಳ್ಳುವವರು ಕೈಯೆತ್ತಿದಾಗ ಅಡಿಕೆ ತೋಟದ ನಡುವೆ ನೆಟ್ಟ ಗಿಡಗಳನ್ನು ಎಷ್ಟೋ ಜನ ಕಡಿದುಹಾಕಿದರು. ಆಗ ಹಸಿಬೀಜ ಖರೀದಿಗೆ ಇಳಿದದ್ದು 1973ರಲ್ಲಿ ಅಡಿಕೆ ಬೆಳೆಗಾರರೇ ಕಟ್ಟಿಕೊಂಡ ಸಹಕಾರ ಸಂಸ್ಥೆ ಕ್ಯಾಂಪ್ಕೊ. 1986ರಲ್ಲಿ ಅದು ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆಯಿತು.

ಹಾಗಿದ್ದರೆ ಘಾನಾಗೆ ಯಾಕೆ ಕಷ್ಟ? ಘಾನಾ ಮತ್ತು ಐವರಿ ಕೋಸ್ಟ್ ಸೇರಿ ಜಗತ್ತಿನ ಅರ್ಧಕ್ಕೂ ಹೆಚ್ಚು ಕೊಕ್ಕೊ ಬೆಳೆಯುತ್ತವೆ. ಕಾಯಿ ಒಡೆದು, ಬೀಜವನ್ನು ಬಾಳೆ ಎಲೆ ಮುಚ್ಚಿ ಆರು ದಿನ ಹುಳಿಯಿಸಿ, ಬಿಸಿಲಿಗೆ ಹರವಿ ಒಣಗಿಸುವ ತನಕದ ಕೆಲಸ ರೈತನ ಮನೆಯವರದ್ದು. ರುಚಿ ಹುಟ್ಟುವುದೇ ಆ ಆರು ದಿನಗಳಲ್ಲಿ. ಆದರೂ ಅಂಗಡಿಯಲ್ಲಿ ನೂರು ರೂಪಾಯಿಗೆ ಮಾರುವ ಚಾಕೊಲೇಟಿನಲ್ಲಿ ಬೆಳೆದವನಿಗೆ ತಲುಪುವುದು ಹತ್ತು ರೂಪಾಯಿಗಿಂತ ಕಡಿಮೆ.

ಕಾರ್ಖಾನೆಗಳು ಅಲ್ಲೂ ಇವೆ. ಬೀಜ ಅರೆಯುವುದರಲ್ಲಿ ಐವರಿ ಕೋಸ್ಟ್ ಈಗ ನೆದರ್ಲೆಂಡ್ಸಿಗೆ ಸರಿಸಾಟಿ. ಆ ಗಿರಣಿಗಳು ಬಹುಪಾಲು ಬಹುರಾಷ್ಟ್ರೀಯ ಕಂಪನಿಗಳವು. ಅರೆದ ಮೇಲೆ ಚಾಕೊಲೇಟ್ ಮಾಡಲು ಹಾಲಿನ ಪುಡಿ, ಸಕ್ಕರೆ ಆಮದಾಗಬೇಕು, ಕರಗದಂತೆ ತಂಪಿನಲ್ಲಿಡಬೇಕು, ಕರೆಂಟು ಕೈಕೊಡಬಾರದು, ಬ್ಯಾಂಕ್ ಬಡ್ಡಿ ಯುರೋಪಿನದಕ್ಕಿಂತ ಎಷ್ಟೋ ಹೆಚ್ಚು. ಎಲ್ಲ ದಾಟಿದರೂ ಕೊಳ್ಳುವವರಿಗೆ ಬೇಕಾದದ್ದು ನೂರು ವರ್ಷದ ಬ್ರ್ಯಾಂಡ್. ಕ್ಯಾಂಪ್ಕೊಗೆ ಒಂದು ಭಾಗ್ಯವಿತ್ತು, ಬಾಗಿಲ ಎದುರಿಗೇ ಭಾರತದಂಥ ದೊಡ್ಡ ಮಾರುಕಟ್ಟೆ. ಮೂರು ಕೋಟಿ ಚಿಲ್ಲರೆ ಜನರ, ಬಿಸಿಲ ನಾಡಿನ ಘಾನಾಗೆ ಅದಿಲ್ಲ.

ಬೆಲೆಯ ಮಾತಿಗೆ ಬಂದರೆ, ದರ ಏಳುವುದು ಬೀಳುವುದು ಲಂಡನ್ ಮತ್ತು ನ್ಯೂಯಾರ್ಕಿನ ವಾಯಿದಾ ಪೇಟೆಯಲ್ಲಿ, ಅಂದರೆ ಮುಂದೆ ಕೊಡುವ ಸರಕಿಗೆ ಇಂದೇ ಬೆಲೆ ಕುದುರಿಸುವ ಪೇಟೆಯಲ್ಲಿ. ಎರಡೂ ದೇಶಗಳು ಒಟ್ಟಾಗಿ 2019ರಲ್ಲಿ ಟನ್ನಿಗೆ 400 ಡಾಲರ್ ಹೆಚ್ಚುವರಿ ಕೊಡಬೇಕೆಂದು ಪಟ್ಟು ಹಿಡಿದವು. 2024ರಲ್ಲಿ ದರ ಟನ್ನಿಗೆ 10,000 ಡಾಲರ್ ದಾಟಿದಾಗ ರೈತರ ಕೈಗೆ ಅದು ಸಿಗಲಿಲ್ಲ. ಸರ್ಕಾರಿ ಮಂಡಳಿಗಳು ಫಸಲನ್ನು ಮುಂಗಡವಾಗಿ ಹಳೆಯ ದರಕ್ಕೆ ಮಾರಿಯಾಗಿತ್ತು, ರೋಗ ಬಿದ್ದು ಇಳುವರಿಯೂ ಇಳಿದಿತ್ತು.

ಸಾಲ ಮಾಡಿದ್ಮೇಲೆ ತೀರಿಸಬೇಕು ತಾನೇ?

ಹೌದು. ಆದರೆ ಸಾಲ ಡಾಲರಿನಲ್ಲಿರುತ್ತದೆ, ತೆರಿಗೆ ಬರುವುದು ಸ್ಥಳೀಯ ನಾಣ್ಯದಲ್ಲಿ. ಜಾಂಬಿಯಾ 2012ರಿಂದ 2015ರ ನಡುವೆ ಮೂರು ಬಾಂಡ್ (ಸಾಲಪತ್ರ) ಹೊರಡಿಸಿ 300 ಕೋಟಿ ಡಾಲರ್ ಎತ್ತಿತು. ಅದರ ಆದಾಯವೆಲ್ಲ ತಾಮ್ರದ ಮೇಲೆ ನಿಂತಿದೆ. ತಾಮ್ರದ ದರ ಇಳಿದರೆ ಅದರ ನಾಣ್ಯ ಕ್ವಾಚಾ ಬೀಳುತ್ತದೆ, ಒಂದು ಡಾಲರ್ ಹೊಸದಾಗಿ ಪಡೆಯದಿದ್ದರೂ ಸಾಲ ಬೆಳೆಯುತ್ತದೆ. 2020ರ ನವೆಂಬರಿನಲ್ಲಿ ಜಾಂಬಿಯಾ ಸುಸ್ತಿದಾರನಾಯಿತು. ಚೀನಾದ ಬ್ಯಾಂಕುಗಳು, ಬಾಂಡ್ ಕೊಂಡವರು, ಬೇರೆ ಸರ್ಕಾರಗಳು ಯಾರು ಎಷ್ಟು ಬಿಡಬೇಕೆಂದು ಎಳೆದಾಡಿ ಒಪ್ಪಂದವಾಗಲು ಮೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಕಂಪನಿ ಮುಳುಗಿದರೆ ದಿವಾಳಿ ಕಾಯ್ದೆ ಇದೆ, ದೇಶ ಮುಳುಗಿದರೆ ಅಂಥ ನ್ಯಾಯಾಲಯವೇ ಇಲ್ಲ. 1991ರಲ್ಲಿ ನಮ್ಮ ಚಿನ್ನ ವಿಮಾನ ಹತ್ತಿ ಅಡಮಾನಕ್ಕೆ ಹೋದದ್ದನ್ನು ಕಂಡವರಿಗೆ ಈ ಅವಮಾನ ಹೊಸದಲ್ಲ.

ಅಲ್ಲಿನ ನಾಯಕರೇ ತಿಂದು ಹಾಕಿದ್ರೆ ಹೊರಗಿನವರು ಏನು ಮಾಡೋಕಾಗುತ್ತೆ?

ತಿಂದಿದ್ದಾರೆ. ಕಾಂಗೋವನ್ನು 1965ರಿಂದ 1997ರ ವರೆಗೆ ಆಳಿದ ಮೊಬುಟು ತನ್ನ ಊರು ಬಡೊಲಿಟೆಯಲ್ಲಿ ಅರಮನೆ ಕಟ್ಟಿಸಿ, ಕಾಡಿನ ನಡುವೆ ಕಾಂಕಾರ್ಡ್ ವಿಮಾನ ಇಳಿಯುವಷ್ಟು ಉದ್ದದ ರನ್‌ವೇ ಹಾಕಿಸಿದ. ಆದರೆ ಅವನನ್ನು ಅಷ್ಟು ವರ್ಷ ಹೊತ್ತುಕೊಂಡವರು ವಾಷಿಂಗ್ಟನ್, ಪ್ಯಾರಿಸ್, ಬ್ರಸೆಲ್ಸ್. ಕದ್ದ ದುಡ್ಡು ಕಾಡಿನಲ್ಲಿ ಹೂತಿಟ್ಟಿರುವುದಿಲ್ಲ. ಸ್ವಿಸ್ ಖಾತೆ, ಲಂಡನ್ನಿನ ಮನೆ ಬೇಕೇ ಬೇಕು. ಇದಕ್ಕಿಂತ ದೊಡ್ಡ ಸೋರಿಕೆ ಕಂಪನಿಗಳ ಲೆಕ್ಕಪತ್ರದಲ್ಲಿದೆ: ಅದಿರಿಗೆ ಕಡಿಮೆ ಬೆಲೆ ತೋರಿಸಿ, ಲಾಭವನ್ನು ತೆರಿಗೆಯಿಲ್ಲದ ದ್ವೀಪಕ್ಕೆ ಸಾಗಿಸುವುದು. ಎಲ್ಲ ಸೇರಿ ಆಫ್ರಿಕಾದಿಂದ ವರ್ಷಕ್ಕೆ ಸುಮಾರು 8,860 ಕೋಟಿ ಡಾಲರ್ ಅಕ್ರಮವಾಗಿ ಹೊರಹೋಗುತ್ತದೆಂದು ವಿಶ್ವಸಂಸ್ಥೆಯ ವ್ಯಾಪಾರ, ಅಭಿವೃದ್ಧಿ ಸಂಸ್ಥೆ ಅಂಕ್ಟಾಡ್ 2020ರಲ್ಲಿ ಅಂದಾಜಿಸಿತು.

ಶ್ರೀಮಂತ ದೇಶಗಳು ಇಷ್ಟು ವರ್ಷ ನೆರವು ಕೊಟ್ಟರೂ ಏನೂ ಆಗಲಿಲ್ವಲ್ಲ?

ಆದದ್ದಿದೆ. ಸಿಡುಬು ಭೂಮಿಯಿಂದಲೇ ಹೋಯಿತು. ಎಚ್‌ಐವಿ ಔಷಧಿ ಕೋಟ್ಯಂತರ ಜನರನ್ನು ಬದುಕಿಸಿದೆ. ಆದರೆ ಮೊತ್ತದ ಬಗ್ಗೆ ತಪ್ಪು ತಿಳಿವಳಿಕೆ ಇದೆ. ರಾಷ್ಟ್ರೀಯ ವರಮಾನದ ಶೇ 0.7 ಕೊಡಬೇಕೆಂದು ವಿಶ್ವಸಂಸ್ಥೆಯಲ್ಲಿ 1970ರಲ್ಲೇ ಗುರಿ ಇಟ್ಟರು. 2023ರಲ್ಲಿ ಕೊಟ್ಟದ್ದು ಸರಾಸರಿ ಶೇ 0.37. 2025ರಲ್ಲಿ ಅಮೆರಿಕ ತನ್ನ ನೆರವಿನ ಸಂಸ್ಥೆ ಯುಎಸ್‌ಏಡ್ ಅನ್ನೇ ಮುಚ್ಚಿತು. ವಲಸೆ ಹೋದವರು ಮನೆಗೆ ಕಳಿಸುವ ದುಡ್ಡು ಇದಕ್ಕಿಂತ ಬಹಳ ದೊಡ್ಡದು, 2023ರಲ್ಲಿ 65,000 ಕೋಟಿ ಡಾಲರ್ ದಾಟಿತ್ತು. ಭಟ್ಕಳ, ಉಡುಪಿ, ಮಂಗಳೂರಿನ ಗಲ್ಫ್ ಮನೆಗಳನ್ನು ನೋಡಿದವರಿಗೆ ಆ ದುಡ್ಡಿನ ಬಲ ಗೊತ್ತು. ನೆರವು ಜೀವ ಉಳಿಸುತ್ತದೆ, ಬೆಲೆ ಕಟ್ಟುವ ಅಧಿಕಾರವನ್ನು ಕೊಡುವುದಿಲ್ಲ.

ಐಎಂಎಫ್‌ನಲ್ಲಿ ಎಲ್ಲ ದೇಶಗಳೂ ಸದಸ್ಯರೇ ಅಲ್ವಾ? ಮತ ಹಾಕಿ ನಿಯಮ ಬದಲಾಯಿಸಬಹುದಲ್ಲ?

ಅಲ್ಲಿ ಒಂದು ದೇಶಕ್ಕೆ ಒಂದು ಮತವಲ್ಲ, ಪ್ರತಿ ದೇಶ ಆ ನಿಧಿಗೆ ಕಟ್ಟಿದ ಪಾಲಿನ (ಕೋಟಾ) ಮೇಲೆ ಮತ. ಅಮೆರಿಕದ ಬಳಿ ಶೇ 16ಕ್ಕೂ ಹೆಚ್ಚಿದೆ. ದೊಡ್ಡ ಬದಲಾವಣೆಗೆ ಶೇ 85 ಬೇಕಾದ್ದರಿಂದ ಅದು ಬೇಡವೆಂದರೆ ಮುಗಿಯಿತು. ಹತ್ತು ಕೋಟಿಗೂ ಹೆಚ್ಚು ಜನರ ಕಾಂಗೋಗಿಂತ ಒಂದು ಕೋಟಿ ಚಿಲ್ಲರೆ ಜನರ ಬೆಲ್ಜಿಯಂಗೆ ಸುಮಾರು ಐದು ಪಟ್ಟು ಮತಬಲ.

ಒಟ್ಟಿನಲ್ಲಿ ಅಂತರ ಕಡಿಮೆ ಆಗ್ತಿದೆಯೋ, ಹೆಚ್ಚಾಗ್ತಿದೆಯೋ?

ಕೈಗಾರಿಕಾ ಕ್ರಾಂತಿಯಿಂದ ಇಪ್ಪತ್ತನೇ ಶತಮಾನದ ಕೊನೆಯವರೆಗೂ ಹಿಗ್ಗುತ್ತಲೇ ಹೋದ ದೇಶಗಳ ನಡುವಿನ ಅಂತರ, ಚೀನಾ ಮತ್ತು ಭಾರತದ ಬೆಳವಣಿಗೆಯಿಂದ ಆಮೇಲೆ ತಗ್ಗಿದೆ. ಹೊಸ ರೇಖೆಯ ಲೆಕ್ಕದಲ್ಲೇ 1990ರಲ್ಲಿ ಕಡುಬಡವರು 230 ಕೋಟಿ ಇದ್ದರು, ಈಗ ಸುಮಾರು 80 ಕೋಟಿ. ಇದು ಮನುಷ್ಯ ಚರಿತ್ರೆಯ ದೊಡ್ಡ ಸಂಗತಿ, ಸಂತೋಷಪಡಬೇಕು. ಆದರೆ ಚೀನಾದ ಸರದಿ ಮುಗಿದಿದೆ. ಉಳಿದ ಬಡತನ ಯುದ್ಧ, ಸಾಲ, ಬರ ಒಟ್ಟಿಗೆ ಇರುವ ದೇಶಗಳಲ್ಲಿ ಗಟ್ಟಿಯಾಗಿ ಕೂತಿದೆ.

ನಾವು ಭಾರತದವರು ಇದರಲ್ಲಿ ಯಾವ ಕಡೆ?

ಎರಡೂ ಕಡೆ. ದಾದಾಭಾಯಿ ನವರೋಜಿ ಸಂಪತ್ತಿನ ಸೋರಿಕೆಯ ಲೆಕ್ಕ ಹಾಕಿದ್ದು ನಮ್ಮ ದೇಶದ್ದೇ. ಆದರೆ 2010ರ ಹೊತ್ತಿಗೆ ಬೆಂಗಳೂರಿನ ಒಂದು ಗುಲಾಬಿ ರಫ್ತು ಕಂಪನಿ ಇಥಿಯೋಪಿಯಾದ ಗಾಂಬೆಲಾದಲ್ಲಿ ಒಂದು ಲಕ್ಷ ಹೆಕ್ಟೇರ್ ಭೂಮಿಯನ್ನು ಗುತ್ತಿಗೆಗೆ ಹಿಡಿಯಿತು. ವರ್ಷದ ಗುತ್ತಿಗೆ ಹೆಕ್ಟೇರಿಗೆ ಒಂದೆರಡು ಡಾಲರ್ ಅಷ್ಟೇ. ಅಲ್ಲಿ ಬೇಸಾಯ ಮಾಡುತ್ತಿದ್ದ, ಜೇನು ಕೀಳುತ್ತಿದ್ದ ಅನುವಾಕ್ ಬುಡಕಟ್ಟಿನ ಜನರ ಹೆಸರು ಯಾವ ಪಹಣಿಯಲ್ಲೂ ಇರಲಿಲ್ಲ. ನದಿ ಉಕ್ಕಿ ಬೆಳೆ ಮುಳುಗಿತು, ಬಹುಪಾಲು ಭೂಮಿ ಪಾಳುಬಿತ್ತು, 2015ರಲ್ಲಿ ಅಲ್ಲಿನ ಸರ್ಕಾರ ಗುತ್ತಿಗೆ ರದ್ದು ಮಾಡಿತು. ಆ ಒಪ್ಪಂದದ ದರವನ್ನು ಕೂತು ಬರೆದವರಲ್ಲಿ ಗಾಂಬೆಲಾದ ಒಬ್ಬ ರೈತನೂ ಇರಲಿಲ್ಲ, ಆದರೆ ನಮ್ಮವರಿದ್ದರು.